ಐಜೆಪಿಯಲ್ಲಿ ನನ್ನನ್ನು ಬಿಟ್ಟು ಹೊರಗಿನವರನ್ನು ತಗೊಂಡರು, ಈಗ ಕೆಲಸ ಬಿಡಲಾ?

ಪ್ರಶ್ನೆ: ಬೆಂಗಳೂರಿನಲ್ಲಿರುವ ಒಂದು ಅಮೆರಿಕನ್ ಕಂಪನಿಯ ಅಕೌಂಟ್ಸ್ ಪೇಯಬಲ್ (ವೆಂಡರ್‌ಗಳ ಬಿಲ್ಲು ನೋಡಿ ಹಣ ಪಾವತಿಸುವ) ಟೀಮಿನಲ್ಲಿದ್ದೇನೆ. ಸೇರಿ 4 ವರ್ಷ 5 ತಿಂಗಳಾಯಿತು. ತುಮಕೂರಿನಲ್ಲಿ ಬಿಕಾಂ ಮಾಡಿದೆ, ಕೆಲಸ ಮಾಡುತ್ತಲೇ ಎಂಕಾಂ ಮುಗಿಸಿದೆ. ಹೆರಿಗೆ ರಜೆಯಿಂದ ಕಳೆದ ವರ್ಷ ವಾಪಸ್ ಬಂದೆ. ನಮ್ಮಲ್ಲೇ ಫೈನಾನ್ಷಿಯಲ್ ಪ್ಲಾನಿಂಗ್ ಟೀಮಿಗೆ ಸೀನಿಯರ್ ಅನಲಿಸ್ಟ್ ಬೇಕು ಅಂತ ಐಜೆಪಿ (ಕಂಪನಿಯ ಒಳಗಿನವರಿಗೆ ಹಾಕುವ ಹುದ್ದೆಯ ಪ್ರಕಟಣೆ) ಬಂತು, ಅರ್ಜಿ ಹಾಕಿದೆ. ಎರಡು ಸುತ್ತು ಇಂಟರ್‌ವ್ಯೂ ಆಯಿತು, ಚೆನ್ನಾಗೇ ಆಯಿತು ಅನ್ನಿಸಿತು. ಎರಡನೇ ಸುತ್ತಿನಲ್ಲಿ ಒಬ್ಬರು, "ಮಗು ಚಿಕ್ಕದಲ್ವಾ, ರಾತ್ರಿ ಅಮೆರಿಕದವರ ಜೊತೆ ಕಾಲ್ ಇರುತ್ತೆ, ಹೇಗೆ ಮ್ಯಾನೇಜ್ ಮಾಡ್ತೀರಾ?" ಅಂದರು. ಆಮೇಲೆ ಮೂರು ವಾರ ಸುದ್ದಿಯೇ ಇಲ್ಲ. ಒಂದು ದಿನ ಪೋರ್ಟಲಿನಲ್ಲಿ "ನಾಟ್ ಸೆಲೆಕ್ಟೆಡ್" ಅಂತ ಬಂತು, ಒಂದು ಫೋನ್ ಕೂಡ ಇಲ್ಲ. ಆ ಜಾಗಕ್ಕೆ ಹೊರಗಿನಿಂದ ಒಬ್ಬರು ಬಂದಿದ್ದಾರೆ. ಈಗ ನನ್ನ ಮ್ಯಾನೇಜರ್, "ನಮ್ಮ ಪ್ರೋಸೆಸ್ ಅವರಿಗೆ ನೀವೇ ಹೇಳಿಕೊಡಿ" ಅನ್ನುತ್ತಿದ್ದಾರೆ. ರಾಜೀನಾಮೆ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ನೋಟಿಸ್ 90 ದಿನ. ಕಾರಣ ಕೇಳಿದರೆ ತಪ್ಪಾಗುತ್ತಾ? ಬಿಡಲಾ, ಇರಲಾ?

ಉತ್ತರ: ಆ ರಾಜೀನಾಮೆ ಸದ್ಯಕ್ಕೆ ಡ್ರಾಫ್ಟಿನಲ್ಲೇ ಇರಲಿ. ಬಿಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಬಿಡುವುದೇ ಸರಿ ಅನ್ನುವ ಸಂದರ್ಭವೂ ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈಗ ನಿಮಗೆ ಗೊತ್ತಿರುವುದು ಪೋರ್ಟಲಿನಲ್ಲಿ ಬಂದ ಎರಡು ಪದ ಅಷ್ಟೇ. ಯಾಕೆ ಆಗಲಿಲ್ಲ ಅಂತ ಗೊತ್ತಿಲ್ಲ. ಅದು ಗೊತ್ತಾಗುವ ಮುಂಚೆ ಇಲ್ಲೇ ಉಳಿದರೂ ತಪ್ಪಾಗಬಹುದು, ಬಿಟ್ಟರೂ ತಪ್ಪಾಗಬಹುದು.

ಮೊದಲು ದುಡ್ಡಿನ ವಿಷಯ ಮುಗಿಸೋಣ, ಯಾಕೆಂದರೆ ಬೇಜಾರಿನಲ್ಲಿ ಇದನ್ನೇ ಎಲ್ಲರೂ ಮರೆಯುತ್ತಾರೆ. ನಿಮ್ಮದು 4 ವರ್ಷ 5 ತಿಂಗಳು. ಇವತ್ತು ಕೊಟ್ಟರೆ ನೋಟಿಸ್ ಮುಗಿಯುವ ಹೊತ್ತಿಗೆ 4 ವರ್ಷ 8 ತಿಂಗಳು. ಕಾಯಂ ನೌಕರರಿಗೆ ಗ್ರಾಚ್ಯುಟಿ ಬರಬೇಕಾದರೆ 5 ವರ್ಷದ ಸೇವೆ ಆಗಿರಬೇಕು. ಐದನೇ ವರ್ಷದಲ್ಲಿ 240 ದಿನ ಆಗಿದ್ದರೂ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು, ಕೆಲವು ಕಂಪನಿಗಳು ಅದನ್ನು ಒಪ್ಪಿ ಕೊಡುತ್ತವೆ, ಆದರೆ ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಒಂದು ವರ್ಷದ ಸೇವೆಗೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ನಿಮ್ಮ ಬೇಸಿಕ್ 40,000 ಅಂತ ಇಟ್ಟುಕೊಳ್ಳಿ, 5 ವರ್ಷಕ್ಕೆ ಸುಮಾರು 1 ಲಕ್ಷ 15 ಸಾವಿರ ಆಗುತ್ತದೆ. ಹೆರಿಗೆ ರಜೆ ತಗೊಂಡಿದ್ದರಿಂದ ಸೇವೆ ಕಡಿದುಹೋಗುವುದಿಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಇನ್ನು ನಾಲ್ಕು ತಿಂಗಳು ಚಿಲ್ಲರೆ ದಿನ ತಡೆದು ನೋಟಿಸ್ ಕೊಟ್ಟರೆ ನೀವು 5 ವರ್ಷ ದಾಟುತ್ತೀರಿ. ಹೊರಗೆ ಕೈತುಂಬ ಸಂಬಳದ ಆಫರ್ ಇದ್ದರೆ ಈ ಮೊತ್ತ ದೊಡ್ಡದಲ್ಲ. ಕೈಯಲ್ಲಿ ಏನೂ ಇಲ್ಲದೆ ಬರೀ ಸಿಟ್ಟಿನಲ್ಲಿ ಬಿಟ್ಟರೆ, ಮನೆಯಲ್ಲಿ ಚಿಕ್ಕ ಮಗು ಇರುವಾಗ, ದೊಡ್ಡದೇ.

ಇನ್ನು ನಿಮ್ಮ ಬೇಜಾರು. ಇದು ಅತಿಯಾಯಿತಾ, ನಾನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡೆನಾ ಅಂತ ನಿಮಗೆ ಅನ್ನಿಸುತ್ತಿರಬಹುದು. ಖಂಡಿತ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆ.ಆರ್. ಕೆಲ್ಲರ್ ಮತ್ತು ಕ್ಯಾಥರಿನ್ ಡ್ಲುಗೋಸ್ ಅನ್ನುವವರು ಒಂದು ದೊಡ್ಡ ಕಂಪನಿಯ ಐದು ವರ್ಷದ ದಾಖಲೆ ತಗೊಂಡು ಇದನ್ನೇ ನೋಡಿದ್ದಾರೆ. ಒಳಗಿನ ಹುದ್ದೆಗೆ ಅರ್ಜಿ ಹಾಕಿ ಸಿಗದೇ ಹೋದವರು ಕಂಪನಿ ಬಿಡುವ ಸಾಧ್ಯತೆ, ಅರ್ಜಿಯನ್ನೇ ಹಾಕದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದರಲ್ಲೂ ಹೊರಗಿನವರಿಗೆ ಸೀಟು ಹೋದಾಗ ಬಿಡುವವರು ಜಾಸ್ತಿ, ಒಳಗಿನವರಿಗೇ ಸಿಕ್ಕಾಗ ಕಡಿಮೆ. ಯಾಕೆ ಅಂತ ಯೋಚಿಸಿ. ಪಕ್ಕದ ಟೀಮಿನವರಿಗೆ ಸಿಕ್ಕರೆ, ಇವತ್ತು ಅವರಿಗೆ, ನಾಳೆ ನನಗೆ ಅನ್ನಬಹುದು. ಹೊರಗಿನವರು ಬಂದರೆ ಈ ಕಂಪನಿಯಲ್ಲಿ ನನಗೆ ದಾರಿಯೇ ಇಲ್ಲವೇನೋ ಅನ್ನಿಸುತ್ತದೆ. ನಿಮಗೆ ಆಗಿರುವುದು ಅದೇ. ಅದೇ ಅಧ್ಯಯನದಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತೂ ಇದೆ: ಹುದ್ದೆಯ ಮ್ಯಾನೇಜರ್ ಜೊತೆ ಇಂಟರ್‌ವ್ಯೂವರೆಗೆ ಹೋಗಿ ಹುದ್ದೆ ತಪ್ಪಿಹೋದವರು, ಮೊದಲೇ ಬಿದ್ದುಹೋದವರಿಗಿಂತ ಬಿಡುವುದು ಅರ್ಧದಷ್ಟು. ಅಲ್ಲಿಯವರೆಗೆ ಕರೆದರು ಅಂದರೆ ಮುಂದಿನ ಸಲಕ್ಕೆ ಏನೋ ಇದೆ ಅಂತ ಅವರಿಗೆ ಅನ್ನಿಸಿರುತ್ತದೆ. ನೀವೂ ಎರಡು ಸುತ್ತು ಹೋಗಿದ್ದೀರಿ.

ಈಗ ಒಳಗೆ ಏನು ನಡೆದಿರಬಹುದು ಅನ್ನುವುದಕ್ಕೆ ಬರೋಣ. ನಾನು ಎಚ್‌ಆರ್‌ನಲ್ಲಿ ತುಂಬಾ ವರ್ಷ ಇದ್ದವನು, ಇಂಥ ಪ್ಯಾನಲ್‌ಗಳಲ್ಲಿ ಕೂತವನು. ಹೊರಗೆ ಕಾಯುವವರು ಅಂದುಕೊಳ್ಳುವುದು, ಒಳಗೆ ನನ್ನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಆಗಿ, ನನ್ನನ್ನು ತೂಗಿ ನೋಡಿ, ಬೇಡ ಅಂದರು ಅಂತ. ಹಾಗೆ ಆಗುವುದು ಅಪರೂಪ. ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗಿರುತ್ತದೆ, ಕೆಲವು ಸಲ ಎರಡು ಸೇರಿರುತ್ತವೆ.

ಒಂದು, ಸೀಟು ಖಾಲಿಯೇ ಇರಲಿಲ್ಲ. ಮ್ಯಾನೇಜರ್ ಮನಸ್ಸಿನಲ್ಲಿ ಯಾರೋ ಇದ್ದರು. ಹೊರಗೆ ಹುಡುಕುವ ಮುಂಚೆ ಇಷ್ಟು ದಿನ ಒಳಗೆ ಹಾಕಬೇಕು ಅಂತ ಎಷ್ಟೋ ಕಂಪನಿಗಳಲ್ಲಿ ನಿಯಮ ಇರುತ್ತದೆ, ಅದಕ್ಕೋಸ್ಕರ ಹಾಕಿದರು. ಇದಕ್ಕೆ ಗುರುತು ಇದೆ. ಆ ಹುದ್ದೆಯ ವಿವರ ತೆಗೆದು ಮತ್ತೊಮ್ಮೆ ಓದಿ. ಹೈಪೀರಿಯನ್ ಅಥವಾ ಅನಾಪ್ಲಾನ್ ಥರದ ಸಾಫ್ಟ್‌ವೇರಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿರಲೇಬೇಕು ಅಂತ ಇತ್ತಾ? ನಿಮ್ಮ ಕಂಪನಿಯೊಳಗೆ ಅದನ್ನು ಮುಟ್ಟಿದವರೇ ಇಲ್ಲವಾ? ಹಾಗಿದ್ದರೆ ಅದು ಒಬ್ಬರ ರೆಸ್ಯೂಮೆ ನೋಡಿಕೊಂಡು ಬರೆದ ವಿವರ ಇರಬಹುದು. ಇದು ಸರಿಯಲ್ಲ. ಒಳಗಿನವರ ಟೈಮು, ಆಸೆ ಎರಡನ್ನೂ ಹಾಳು ಮಾಡುವ ಕೆಲಸ ಇದು, ಪ್ಯಾನಲಿನಲ್ಲಿ ಕೂತಿದ್ದಾಗಲೂ ನಾನು ಇದನ್ನು ಹೇಳಿದ್ದೇನೆ. ಆದರೆ ಕಾರಣ ಇದೇ ಆಗಿದ್ದರೆ ನೀವು ನಿಮ್ಮ ಯೋಗ್ಯತೆಯ ಬಗ್ಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಎರಡು, ಇಂಟರ್‌ವ್ಯೂನಲ್ಲಿ ನಿಜವಾಗಲೂ ಏನೋ ಕಡಿಮೆಯಾಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪೇಯಬಲ್‌ನಿಂದ ಪ್ಲಾನಿಂಗ್‌ಗೆ ಹೋಗುವವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪ್ಯಾನಲಿನವರು ಕೇಳುತ್ತಾರೆ: "ಈ ತಿಂಗಳು ಟ್ರಾವೆಲ್ ಖರ್ಚು ಬಜೆಟ್‌ಗಿಂತ 12% ಜಾಸ್ತಿ ಬಂದಿದೆ. ಏನು ಮಾಡ್ತೀರಾ?" ಪೇಯಬಲ್ ಟೀಮಿನಲ್ಲಿ ಬೆಳೆದವರು ತಕ್ಷಣ ಏನಂತಾರೆ? ಇನ್‌ವಾಯ್ಸ್ ತೆಗೆದು ನೋಡುತ್ತೇನೆ, ಒಂದೇ ಬಿಲ್ ಎರಡು ಸಲ ಪೋಸ್ಟ್ ಆಗಿದೆಯಾ ಅಂತ ಚೆಕ್ ಮಾಡುತ್ತೇನೆ, ಪಿಒ (ಖರೀದಿ ಆದೇಶ) ಜೊತೆ ಹೋಲಿಸುತ್ತೇನೆ, ಜಿಎಸ್‌ಟಿ ಸರಿ ಇದೆಯಾ ನೋಡುತ್ತೇನೆ. ಎಲ್ಲವೂ ಸರಿಯಾದ ಮಾತೇ, ಒಂದು ತಪ್ಪೂ ಇಲ್ಲ. ಆದರೆ ಕೇಳಿದವರಿಗೆ ಬೇಕಾಗಿದ್ದು ಬೇರೆ. ಪ್ರಯಾಣದ ಸಂಖ್ಯೆ ಜಾಸ್ತಿಯಾಯಿತಾ, ಟಿಕೆಟ್ ದರ ಜಾಸ್ತಿಯಾಯಿತಾ? ಮುಂದಿನ ತಿಂಗಳ ಖರ್ಚು ಈ ತಿಂಗಳೇ ಬಂತಾ, ಅಂದರೆ ಮುಂದಿನ ತಿಂಗಳು ಅಷ್ಟೇ ಕಡಿಮೆಯಾಗುತ್ತಾ? ಅಥವಾ ಇದು ಪ್ರತಿ ತಿಂಗಳೂ ಹೀಗೇ ಇರುತ್ತಾ? ಹಾಗಿದ್ದರೆ ವರ್ಷದ ಫೋರ್‌ಕಾಸ್ಟ್ ಎಷ್ಟು ಬದಲಾಗಬೇಕು, ಅದನ್ನು ಯಾವ ಡಿಪಾರ್ಟ್‌ಮೆಂಟ್ ಹೆಡ್‌ಗೆ ಹೇಳಬೇಕು? ನಿಮ್ಮ ಕೆಲಸ ಆಗಿಹೋದ ಖರ್ಚನ್ನು ನೋಡುತ್ತದೆ, ಅವರದ್ದು ಆಗಲಿರುವ ಖರ್ಚನ್ನು ನೋಡುತ್ತದೆ. ನೀವು ಚೆನ್ನಾಗೇ ಉತ್ತರ ಕೊಟ್ಟೆ ಅಂದುಕೊಂಡು ಹೊರಗೆ ಬಂದಿರುತ್ತೀರಿ, ಅವರು ಫಾರ್ಮಿನಲ್ಲಿ "ಒಳ್ಳೆಯ ಕೆಲಸಗಾರ್ತಿ, ಅನಾಲಿಸಿಸ್ ಇನ್ನೂ ಬೇಕು" ಅಂತ ಬರೆದಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಎರಡು ಸುತ್ತಿನ ಪ್ರಶ್ನೆಗಳನ್ನು ನೆನಪಿರುವಷ್ಟು ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಎದುರಿಗೆ ನೀವು ಕೊಟ್ಟ ಉತ್ತರ ಬರೆಯಿರಿ. ಎಷ್ಟು ಉತ್ತರ ಬರೀ ಬಿಲ್ಲಿಗೇ ನಿಂತಿದೆ, ಎಷ್ಟು ಮುಂದಿನ ತಿಂಗಳಿಗೆ ಹೋಗಿದೆ ಅಂತ ನೀವೇ ನೋಡಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಕಾರಣ. ನಿಮ್ಮ ಈಗಿನ ಮ್ಯಾನೇಜರ್ ನಿಮ್ಮನ್ನು ಬಿಡಲು ಒಪ್ಪಲಿಲ್ಲ.

ಮಂತ್ ಎಂಡ್ ನೆನಪು ಮಾಡಿಕೊಳ್ಳಿ. ತಿಂಗಳ ಕೊನೆಯ ಎರಡು ದಿನ, ಹೊಸ ತಿಂಗಳ ಮೊದಲ ಮೂರು ನಾಲ್ಕು ದಿನ. ಹೋಲ್ಡ್ ಆದ ಬಿಲ್ಲುಗಳು, ವೆಂಡರ್ ಮಾಸ್ಟರಿನಲ್ಲಿ ತಪ್ಪಿರುವ ಬ್ಯಾಂಕ್ ವಿವರ, ಪ್ಲಾಂಟಿನಿಂದ ಬಾರದ ರಿಸೀಟ್, ಅಕ್ರೂಯಲ್ (ಖರ್ಚು ಆಗಿದ್ದರೂ ಬಿಲ್ ಬಾರದ್ದಕ್ಕೆ ಹಾಕುವ ಅಂದಾಜು ಮೊತ್ತ) ಪಟ್ಟಿ. ಯಾವ ವೆಂಡರ್ ಯಾವ ತಿಂಗಳು ತಡ ಮಾಡುತ್ತಾನೆ, ಅಮೆರಿಕದಲ್ಲಿ ಯಾರಿಗೆ ಮೆಸೇಜ್ ಹಾಕಿದರೆ ಕೆಲಸ ಆಗುತ್ತದೆ, ಇದೆಲ್ಲ ಯಾರ ತಲೆಯಲ್ಲಿದೆ? ನಿಮ್ಮ ತಲೆಯಲ್ಲಿ. ನಿಮ್ಮ ಮ್ಯಾನೇಜರ್‌ಗೆ ಅದು ಚೆನ್ನಾಗಿ ಗೊತ್ತು. ನೀವು ಹೋದರೆ ಆ ಸೀಟಿಗೆ ಇನ್ನೊಬ್ಬರನ್ನು ತಗೊಳ್ಳಲು ಅವರಿಗೆ ಅಪ್ರೂವಲ್ ಸಿಗುವುದು ಗ್ಯಾರಂಟಿ ಇಲ್ಲ, ಸಿಕ್ಕರೂ ಹೊಸಬರಿಗೆ 90 ದಿನದ ನೋಟಿಸ್, ಆಮೇಲೆ ಕಲಿಯಲು ಮೂರು ತಿಂಗಳು. ಆದ್ದರಿಂದ ಆ ಕಡೆಯ ಮ್ಯಾನೇಜರ್ ಫೋನ್ ಮಾಡಿದಾಗ ಇವರು ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಆಡಿರುವುದಿಲ್ಲ. "ಹುಡುಗಿ ತುಂಬಾ ಒಳ್ಳೆಯವಳು, ಆದರೆ ಈಗ ರಿಲೀಸ್ ಮಾಡೋದು ಕಷ್ಟ, ಆಡಿಟ್ ಮುಗಿಯಲಿ" ಅಂದಿರುತ್ತಾರೆ. ಆ ಕಡೆಯವರಿಗೆ ಜನ ತಕ್ಷಣ ಬೇಕು. ಹೊರಗೆ ಒಬ್ಬರು ನೋಟಿಸ್ ಪೀರಿಯಡ್ಡಿನಲ್ಲಿ ಇದ್ದಾರೆ, ಮುಂದಿನ ತಿಂಗಳು ಸೇರುತ್ತಾರೆ. ಮುಗಿಯಿತು. ಕೆಲಸ ಚೆನ್ನಾಗಿ ಮಾಡುವವರೇ ಹೀಗೆ ಸಿಕ್ಕಿಹಾಕಿಕೊಳ್ಳುವುದು, ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಇಲ್ಲಿ ಶಿಕ್ಷೆ ಆಗುವುದು ಶ್ರದ್ಧೆಗೆ.

ನಿಮ್ಮ ಪತ್ರದಲ್ಲಿ ಮೂರು ವಾರ ಸುದ್ದಿ ಇರಲಿಲ್ಲ ಅಂದಿದ್ದೀರಿ. ಇಂಟರ್‌ವ್ಯೂ ಚೆನ್ನಾಗಿ ಆಗಿ, ಆಮೇಲೆ ಅಷ್ಟು ದಿನ ಮೌನ ಇದ್ದರೆ, ಎರಡು ಮ್ಯಾನೇಜರ್‌ಗಳ ನಡುವೆ ಮಾತು ನಡೆಯುತ್ತಿತ್ತು ಅನ್ನುವ ಅನುಮಾನ ನನಗಿದೆ. ಅನುಮಾನ ಅಷ್ಟೇ, ಖಚಿತ ಮಾಡಿಕೊಳ್ಳಬೇಕಾದವರು ನೀವು.

ಹಾಗಾದರೆ ಕೇಳುವುದು ತಪ್ಪಾ ಅಂದಿರಿ. ತಪ್ಪಲ್ಲ, ಕೇಳಲೇಬೇಕು. ಆದರೆ ಯಾರನ್ನು ಕೇಳುತ್ತೀರಿ, ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎಚ್‌ಆರ್‌ಗೆ "ನನ್ನನ್ನು ಯಾಕೆ ತಗೊಳ್ಳಲಿಲ್ಲ" ಅಂತ ಮೇಲ್ ಹಾಕಿದರೆ, ಲೀಗಲ್‌ನವರು ಓದಿದರೂ ತೊಂದರೆಯಾಗದಂಥ ಎರಡು ಸಾಲು ವಾಪಸ್ ಬರುತ್ತದೆ, ಅದರಲ್ಲಿ ಏನೂ ಇರುವುದಿಲ್ಲ. ಅದರ ಬದಲು ಆ ಹುದ್ದೆಯ ಮ್ಯಾನೇಜರ್ ಹತ್ತಿರ 20 ನಿಮಿಷ ಕೇಳಿ. ಮೇಲ್ ಇಷ್ಟಿದ್ದರೆ ಸಾಕು: "ನನಗೆ ಅವಕಾಶ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಈ ತೀರ್ಮಾನವನ್ನು ಮತ್ತೆ ಎತ್ತಲು ಬರುತ್ತಿಲ್ಲ. ಮುಂದೆ ನಿಮ್ಮ ಟೀಮಿನಲ್ಲಿ ಇಂಥದ್ದೇ ಹುದ್ದೆ ಬಂದರೆ ಅದಕ್ಕೆ ತಯಾರಾಗಬೇಕು ಅನ್ನುವ ಆಸೆ ಇದೆ. 20 ನಿಮಿಷ ಮಾತಾಡಬಹುದಾ?" ತೀರ್ಮಾನ ಎತ್ತುವುದಿಲ್ಲ ಅನ್ನುವ ಸಾಲು ಮುಖ್ಯ, ಅದು ಇದ್ದರೆ ಅವರು ಸಮರ್ಥನೆಗೆ ಇಳಿಯುವುದಿಲ್ಲ. ಮಂತ್ ಎಂಡ್ ವಾರದಲ್ಲಿ ಮಾತ್ರ ಕೇಳಬೇಡಿ.

ಕೂತಾಗ "ನನ್ನಲ್ಲಿ ಏನು ಕೊರತೆ" ಅಂತ ಶುರು ಮಾಡಬೇಡಿ. ಹಾಗೆ ಕೇಳಿದರೆ "ಕೊರತೆ ಏನಿಲ್ಲ, ಇನ್ನೂ ಸ್ವಲ್ಪ ಎಕ್ಸ್‌ಪೋಷರ್ ಬೇಕು" ಅಂತ ಎಲ್ಲರಿಗೂ ಹೇಳುವ ಮಾತು ಸಿಗುತ್ತದೆ. ಹೀಗೆ ಕೇಳಿ: ಈಗ ಬಂದವರು ಮೊದಲ ಆರು ತಿಂಗಳಲ್ಲಿ ಏನು ಮಾಡಬೇಕು ಅಂತ ನೀವು ನಿರೀಕ್ಷಿಸುತ್ತಿದ್ದೀರಿ? ಅದರಲ್ಲಿ ನನ್ನಿಂದ ಆಗದು ಅಂತ ನಿಮಗೆ ಅನ್ನಿಸಿದ್ದು ಯಾವುದು? ನನ್ನ ಯಾವ ಉತ್ತರದಲ್ಲಿ ಅದು ಕಂಡಿತು? ಕೊನೆಯಲ್ಲಿ, ಸಹಜವಾಗಿ, ನನ್ನ ರಿಲೀಸ್ ದಿನಾಂಕ ಈ ತೀರ್ಮಾನದಲ್ಲಿ ಒಂದು ವಿಷಯವಾಗಿತ್ತಾ? ಈ ಕೊನೇ ಪ್ರಶ್ನೆಗೆ ಅವರು ಬಾಯಿಬಿಟ್ಟು ಹೌದು ಅನ್ನದೇ ಇರಬಹುದು. ಆದರೆ ಇಲ್ಲ ಅನ್ನುವುದಾದರೆ ತಡ ಮಾಡದೆ ಇಲ್ಲ ಅನ್ನುತ್ತಾರೆ. "ಅದೂ ಒಂದು..." ಅಂತ ಮಾತು ಎಳೆದರೆ ನಿಮಗೆ ಉತ್ತರ ಸಿಕ್ಕಿತು. ಅಲ್ಲಿ ವಾದ ಮಾಡಬೇಡಿ, ಬರೆದುಕೊಂಡು ಬನ್ನಿ.

ರಿಲೀಸೇ ಕಾರಣ ಅಂತ ಗೊತ್ತಾದರೆ ಮುಂದಿನ ಮಾತು ನಿಮ್ಮ ಸ್ವಂತ ಮ್ಯಾನೇಜರ್ ಹತ್ತಿರ. "ನೀವು ನನ್ನನ್ನು ತಡೆದಿರಿ" ಅಂದರೆ ಅವರು ಇಲ್ಲ ಅನ್ನುತ್ತಾರೆ, ಅಲ್ಲಿಗೆ ನಿಂತುಹೋಗುತ್ತದೆ. "ಮುಂದಿನ ಸಲ ನಾನು ಬೇರೆ ಟೀಮಿಗೆ ಹೋಗಬೇಕಾದರೆ ಇಲ್ಲಿ ಏನೇನು ತಯಾರಿ ಆಗಿರಬೇಕು, ಹೇಳಿ, ನಾನೇ ಮಾಡಿಕೊಡುತ್ತೇನೆ" ಅನ್ನಿ. ನಿಮ್ಮ ತಲೆಯಲ್ಲಿರುವುದನ್ನೆಲ್ಲ ಬರೆದಿಡಿ, ಒಬ್ಬರನ್ನು ನಿಮ್ಮ ಬ್ಯಾಕಪ್ ಆಗಿ ತಯಾರು ಮಾಡಿ, ಒಂದು ಮಂತ್ ಎಂಡ್ ಅವರೇ ಪೂರ್ತಿ ಮಾಡಲಿ, ನೀವು ಪಕ್ಕದಲ್ಲಿರಿ. ಎಷ್ಟೋ ಜನ ಇದನ್ನು ಮಾಡಲು ಹೆದರುತ್ತಾರೆ, ನಾನಿಲ್ಲದೆ ನಡೆಯುತ್ತೆ ಅಂತ ಗೊತ್ತಾದರೆ ನನ್ನ ಬೆಲೆ ಕಡಿಮೆಯಾಗುತ್ತೆ ಅಂತ. ಬಡ್ತಿ, ಬದಲಾವಣೆ ಬೇಕು ಅನ್ನುವವರಿಗೆ ಈ ಹೆದರಿಕೆಯೇ ಕಾಲಿಗೆ ಹಾಕಿದ ಬೇಡಿ. ನೀವಿಲ್ಲದೆ ನಡೆಯುವುದಿಲ್ಲ ಅನ್ನುವವರೆಗೂ ನಿಮ್ಮನ್ನು ಯಾರೂ ಬಿಡುವುದಿಲ್ಲ. ಆಮೇಲೆ ಆ ಮಾತುಕತೆಯನ್ನು ಒಂದು ಸಣ್ಣ ಮೇಲ್ ಮಾಡಿ ಅವರಿಗೇ ಕಳಿಸಿ: ಇಂಥವರನ್ನು ತಯಾರು ಮಾಡುತ್ತೇನೆ, ಇಂಥ ತಿಂಗಳ ನಂತರ ಐಜೆಪಿಗೆ ಹಾಕಿದರೆ ನೀವು ರಿಲೀಸ್ ಮಾಡುತ್ತೀರಿ ಅಂತ ಮಾತಾಡಿದೆವು. ಬಾಯಿಮಾತು ಮುಂದಿನ ಆಡಿಟ್ ಬಂದಾಗ ಮರೆತುಹೋಗುತ್ತದೆ, ಮೇಲ್ ಮರೆಯುವುದಿಲ್ಲ.

ಇನ್ನು ಮಗುವಿನ ಪ್ರಶ್ನೆ. ಇದನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಹೋಗಲಾರೆ. ಆ ಪ್ರಶ್ನೆ ಕೇಳಬಾರದಿತ್ತು. ಕೆಲಸಕ್ಕೆ ತಗೊಳ್ಳುವಾಗ ಮತ್ತು ತಗೊಂಡ ಮೇಲೆ ಬಡ್ತಿ, ಟ್ರೇನಿಂಗ್, ವರ್ಗಾವಣೆಯಲ್ಲಿ ಹೆಣ್ಣು ಅನ್ನುವ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, ಬಡ್ತಿ ವರ್ಗಾವಣೆಯ ಮಾತು 1987ರ ತಿದ್ದುಪಡಿಯಲ್ಲಿ ಸೇರಿತು. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಲಿಂಗದ ಆಧಾರದ ಮೇಲೆ ತಾರತಮ್ಯ ಕೂಡದು ಅಂತ ಇದೆ. ನಿಮ್ಮ ಕಂಪನಿ ಅಮೆರಿಕದ್ದು ಅಂದಮೇಲೆ ಅವರದ್ದೇ ಆದ ನೀತಿ ಸಂಹಿತೆಯಲ್ಲೂ ಸಾಮಾನ್ಯವಾಗಿ ಇದು ಇರುತ್ತದೆ. ರಾತ್ರಿ ಕಾಲ್ ಇದೆ, ಈ ಸಮಯಕ್ಕೆ ಬರಲು ಆಗುತ್ತದಾ ಅಂತ ಎಲ್ಲರನ್ನೂ ಕೇಳುವುದು ಬೇರೆ. ಮಗು ಇದೆ ಅಂತ ನಿಮ್ಮೊಬ್ಬರನ್ನೇ ಕೇಳುವುದು ಬೇರೆ. ಆ ಜಾಗಕ್ಕೆ ಬಂದವರಿಗೂ ಮನೆಯಲ್ಲಿ ಮಕ್ಕಳಿರಬಹುದು, ಅವರನ್ನು ಕೇಳಿದರಾ?

ಈಗ ಏನು ಮಾಡುವುದು? ಆ ದಿನಾಂಕ, ಯಾರು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಇನ್ನು ಯಾರಿದ್ದರು, ನೀವು ಏನು ಹೇಳಿದಿರಿ, ಇಷ್ಟನ್ನು ಇವತ್ತು ನಿಮ್ಮ ಸ್ವಂತ ಡೈರಿಯಲ್ಲಿ ಬರೆಯಿರಿ. ಆಫೀಸಿನ ಫೈಲು, ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದೇ ನಿಮ್ಮ ಮೇಲೆ ಕೇಸ್ ಆಗಬಹುದು. ಆಮೇಲೆ, ಫೀಡ್‌ಬ್ಯಾಕ್ ಮಾತುಕತೆ ಮುಗಿದ ಮೇಲೆ, ಬೇರೆಯಾಗಿ, ಎಚ್‌ಆರ್ ಬಿಸಿನೆಸ್ ಪಾರ್ಟ್‌ನರ್ (ನಿಮ್ಮ ವಿಭಾಗವನ್ನು ನೋಡಿಕೊಳ್ಳುವ ಎಚ್‌ಆರ್‌ನವರು) ಹತ್ತಿರ ಇದನ್ನು ಹೇಳಿ. ಎರಡನ್ನೂ ಒಂದೇ ಮೀಟಿಂಗಿನಲ್ಲಿ ಕಲಸಬೇಡಿ, ಕಲಸಿದರೆ "ಸಿಗಲಿಲ್ಲ ಅಂತ ದೂರು ಹೇಳುತ್ತಿದ್ದಾರೆ" ಅಂತ ಆಗಿಬಿಡುತ್ತದೆ. ಹೇಳಬೇಕಾ ಬೇಡವಾ ಅನ್ನುವುದು ಕೊನೆಗೆ ನಿಮ್ಮ ತೀರ್ಮಾನ, ಅಲ್ಲಿ ದಿನಾ ಕೆಲಸ ಮಾಡಬೇಕಾದವರು ನೀವು. ನನ್ನನ್ನು ಕೇಳಿದರೆ ಹೇಳಿ ಅನ್ನುತ್ತೇನೆ. ಹೆರಿಗೆ ರಜೆಯ ವರ್ಷ ನಿಮಗೆ ಕೊಟ್ಟ ರೇಟಿಂಗ್ ಏನಿತ್ತು ಅಂತಲೂ ನೋಡಿಕೊಳ್ಳಿ. ಕಾನೂನು ಕೊಟ್ಟ 26 ವಾರದ ರಜೆ ತಗೊಂಡಿದ್ದಕ್ಕೆ ಆ ವರ್ಷ "ಸಾಧಾರಣ" ಅಂತ ಹಾಕಿ, ಆ ರೇಟಿಂಗೇ ಐಜೆಪಿಯ ಅಂಕಕ್ಕೆ ಸೇರಿದ್ದರೆ ಅದನ್ನೂ ಇದೇ ಮಾತುಕತೆಯಲ್ಲಿ ಕೇಳಬಹುದು. ಇದಾದ ಮೇಲೆ ನಿಮ್ಮ ಮೇಲೆ ಏನಾದರೂ ಒತ್ತಡ ಶುರುವಾದರೆ ಸುಮ್ನೆ ಸಹಿಸಿಕೊಂಡು ಕೂರದೆ ಒಬ್ಬ ಕಾರ್ಮಿಕ ಕಾನೂನು ವಕೀಲರನ್ನು ಕಂಡು ಬನ್ನಿ.

ಮುಂದೆ ಯಾರಾದರೂ ಹೀಗೇ ಕೇಳಿದರೆ ಒಂದು ಉತ್ತರ ಇಟ್ಟುಕೊಳ್ಳಿ: "ಕಾಲ್ ಯಾವ ಸಮಯಕ್ಕೆ, ವಾರಕ್ಕೆ ಎಷ್ಟು ದಿನ ಅಂತ ಹೇಳಿ. ಆಗುತ್ತದಾ ಇಲ್ಲವಾ ಅಂತ ನಾನು ನೇರ ಹೇಳುತ್ತೇನೆ." ಮನೆಯಲ್ಲಿ ಅಮ್ಮ ಇದ್ದಾರೆ, ಅತ್ತೆ ನೋಡಿಕೊಳ್ಳುತ್ತಾರೆ ಅಂತೆಲ್ಲ ವಿವರಣೆ ಕೊಡಲು ಹೋಗಬೇಡಿ. ಅದು ಅವರಿಗೆ ಸಂಬಂಧಪಟ್ಟಿದ್ದಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ, ನಿಮ್ಮ ಮನೆಯವರೋ ನೆಂಟರೋ "ಕೇಸ್ ಹಾಕು" ಅನ್ನುತ್ತಿರಬಹುದು. ಸರ್ಕಾರಿ ನೌಕರಿಯಲ್ಲಿ ಜ್ಯೇಷ್ಠತಾ ಪಟ್ಟಿ ಇರುತ್ತದೆ, ಇಲಾಖಾ ಬಡ್ತಿ ಸಮಿತಿ ಇರುತ್ತದೆ, ತಪ್ಪಿದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ (ಕೆಎಟಿ) ಹೋಗಬಹುದು. ಖಾಸಗಿ ಕಂಪನಿಯಲ್ಲಿ ಸೀನಿಯಾರಿಟಿ ಇದೆ ಅನ್ನುವ ಒಂದೇ ಕಾರಣಕ್ಕೆ ಹುದ್ದೆ ಕೊಡಲೇಬೇಕು ಅಂತ ಇಲ್ಲ. ತಾರತಮ್ಯ ಆಗಿದ್ದರೆ ಅದರ ದಾರಿ ಬೇರೆ, ಆಗಲೇ ಹೇಳಿದೆ.

ಹೊಸಬರಿಗೆ ಹೇಳಿಕೊಡುವ ವಿಷಯ ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಚುಚ್ಚಿದೆ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಚುಚ್ಚದೆ ಇರುತ್ತದಾ? ಆದರೂ ಹೇಳಿಕೊಡಿ ಅನ್ನುತ್ತೇನೆ. ಆ ವ್ಯಕ್ತಿ ನಿಮ್ಮ ಸೀಟು ಕಿತ್ತುಕೊಂಡಿಲ್ಲ, ಅವರಿಗೆ ನೀವು ಅರ್ಜಿ ಹಾಕಿದ್ದೂ ಗೊತ್ತಿರಲಿಕ್ಕಿಲ್ಲ. ಆದರೆ ಹೇಗೆ ಹೇಳಿಕೊಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ನಿಮ್ಮ ಕೆಲಸದ ಮಧ್ಯೆ ಮಧ್ಯೆ ಬೇಡ, ಕ್ಯಾಲೆಂಡರಿನಲ್ಲಿ ಟೈಮ್ ಹಾಕಿಸಿ, ಇಂತಿಷ್ಟು ಸೆಷನ್ ಅಂತ ಮ್ಯಾನೇಜರ್‌ಗೆ ಮೇಲ್ ಮಾಡಿ, ವರ್ಷದ ಗೋಲ್ ಪಟ್ಟಿಯಲ್ಲಿ ಅದನ್ನು ಸೇರಿಸಲು ಕೇಳಿ. ಅಪ್ರೈಸಲ್ ಹೊತ್ತಿಗೆ ಅದು ಲೆಕ್ಕಕ್ಕೆ ಬರಬೇಕು. ಅದಕ್ಕಿಂತ ಮುಖ್ಯವಾಗಿ, ಅವರ ಜೊತೆ ಕೂತರೆ ಆ ಟೀಮಿನ ಫೋರ್‌ಕಾಸ್ಟ್ ಫೈಲು ಹೇಗಿದೆ, ಅವರು ಪ್ರತಿ ತಿಂಗಳು ಏನು ಕೇಳುತ್ತಾರೆ ಅಂತ ನಿಮಗೂ ಕಾಣುತ್ತದೆ. ಅವರಿಗೆ ನಿಮ್ಮ ಅಕ್ರೂಯಲ್ ಅರ್ಥ ಮಾಡಿಸಿ, ನೀವು ಅವರ ವೇರಿಯನ್ಸ್ (ಬಜೆಟ್‌ಗೂ ನಿಜವಾದ ಖರ್ಚಿಗೂ ಇರುವ ವ್ಯತ್ಯಾಸ) ಅರ್ಥ ಮಾಡಿಕೊಳ್ಳಿ.

ಹೊರಗಿನವರು ನನಗಿಂತ ಎಷ್ಟೋ ಜಾಣರಿರಬೇಕು ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನ ಮ್ಯಾಥ್ಯೂ ಬಿಡ್‌ವೆಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ದಾಖಲೆಯಲ್ಲಿ ಅವರು ಕಂಡಿದ್ದು: ಒಳಗಿನಿಂದ ಬಡ್ತಿ ಪಡೆದು ಬಂದವರಿಗಿಂತ ಅದೇ ಥರದ ಹುದ್ದೆಗೆ ಹೊರಗಿನಿಂದ ಬಂದವರಿಗೆ ಸುಮಾರು 18% ಜಾಸ್ತಿ ಸಂಬಳ, ಆದರೆ ಮೊದಲ ಎರಡು ವರ್ಷ ಅವರ ರೇಟಿಂಗ್ ಕಡಿಮೆ, ಕೆಲಸ ಬಿಡುವುದು ಅಥವಾ ಬಿಡಿಸುವುದು ಜಾಸ್ತಿ. ಡಿಗ್ರಿ, ಅನುಭವ ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ, ಒಳಗಿನವರಿಗೆ ಗೊತ್ತಿರುವುದು ಕಾಗದದ ಮೇಲೆ ಬರುವುದಿಲ್ಲ. ಈ ಅಧ್ಯಯನ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋಗಬೇಡಿ, ಅದು ನಿಮ್ಮ ಧೈರ್ಯಕ್ಕೆ ಇರಲಿ.

ಮುಂದಿನ ಸಲಕ್ಕೆ ತಯಾರಿ ಅಂದರೆ ಇನ್ನೊಂದು ಕೋರ್ಸ್ ಸರ್ಟಿಫಿಕೇಟ್ ಅಂತ ಎಲ್ಲರೂ ಓಡುತ್ತಾರೆ. ಪವರ್ ಕ್ವೆರಿ, ಪವರ್ ಬಿಐ ಥರದ ಡೇಟಾ ಸಾಫ್ಟ್‌ವೇರ್ ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಮೇಜಿನ ಮೇಲೇ ಇದಕ್ಕಿಂತ ದೊಡ್ಡ ದಾರಿ ಇದೆ. ಪ್ರತಿ ತಿಂಗಳು ನೀವು ಅಕ್ರೂಯಲ್ ಹಾಕುತ್ತೀರಿ, ಆಮೇಲೆ ನಿಜವಾದ ಬಿಲ್ ಬರುತ್ತದೆ. ಅಂದಾಜು ಎಷ್ಟಿತ್ತು, ಬಂದಿದ್ದು ಎಷ್ಟು, ವ್ಯತ್ಯಾಸ ಯಾವ ವೆಂಡರ್‌ನಲ್ಲಿ, ಯಾಕೆ, ಇದು ಮುಂದೂ ಇರುತ್ತದಾ? ದೊಡ್ಡ ಹತ್ತು ವೆಂಡರ್‌ಗಳನ್ನು ಹಿಡಿದು ಒಂದು ಪುಟದಲ್ಲಿ ಬರೆಯಿರಿ. ನಿಮ್ಮ ಮ್ಯಾನೇಜರ್‌ಗೆ ಹೇಳಿ, ಅವರ ಮೂಲಕವೇ ಪ್ಲಾನಿಂಗ್ ಟೀಮಿಗೆ ಕಳಿಸಿ. ಎರಡು ಮೂರು ತಿಂಗಳು ಕಳಿಸಿದರೆ ಅವರೇ ಕೇಳಲು ಶುರು ಮಾಡುತ್ತಾರೆ. ಅಮೆರಿಕನ್ ಕಂಪನಿಗಳಲ್ಲಿ ಬಹಳಷ್ಟು ಕಡೆ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್, ಮುಂದಿನ ವರ್ಷದ ಬಜೆಟ್ ಕೆಲಸ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತದೆ, ಆಗ ಅವರಿಗೆ ಕೈ ಸಾಲುವುದಿಲ್ಲ. ಆ ಎರಡು ತಿಂಗಳು ಅರ್ಧ ದಿನ ಅವರಿಗೆ ಸಹಾಯ ಮಾಡುತ್ತೇನೆ ಅಂತ ಕೇಳಲು ಅದು ಒಳ್ಳೆ ಸಮಯ. ಇಂಟರ್‌ವ್ಯೂನಲ್ಲಿ ತೋರಿಸಲಾಗದ್ದನ್ನು ಕೆಲಸದಲ್ಲಿ ತೋರಿಸಿದರೆ ಮುಂದಿನ ಪ್ಯಾನಲ್ ಬೇರೆ ಥರ ಇರುತ್ತದೆ.

ಸರಿ, ಬಿಡುವುದು ಯಾವಾಗ? ನೀವು 20 ನಿಮಿಷ ಕೇಳಿದ್ದಕ್ಕೆ ಎರಡು ಸಲ ನೆನಪಿಸಿದರೂ ಉತ್ತರವೇ ಬಾರದಿದ್ದರೆ. ಮ್ಯಾನೇಜರ್ ರಿಲೀಸ್ ಬಗ್ಗೆ ಮಾತಾಡುತ್ತಾರೆ, ಆದರೆ ತಿಂಗಳು ಹೇಳಲು ಒಪ್ಪದಿದ್ದರೆ. ಆ ಟೀಮಿನ ಕಳೆದ ಎರಡು ವರ್ಷದ ಹುದ್ದೆಗಳು ನೋಡಿ, ಒಳಗಿನಿಂದ ಒಬ್ಬರೂ ಹೋಗಿಲ್ಲದಿದ್ದರೆ. ಅಥವಾ ಮಗುವಿನ ಪ್ರಶ್ನೆಯ ಬಗ್ಗೆ ಹೇಳಿದಾಗ "ಅಯ್ಯೋ, ಅದನ್ನೆಲ್ಲ ಸೀರಿಯಸ್ ಆಗಿ ತಗೋಬೇಡಿ" ಅಂತ ಮುಗಿಸಿದರೆ. ಇದರಲ್ಲಿ ಎರಡು ನಿಜವಾದರೂ ಹೊರಗೆ ಹುಡುಕಿ, ನಾನು ತಡೆಯುವುದಿಲ್ಲ. ಹುಡುಕುವುದನ್ನು ಇವತ್ತೇ ಶುರು ಮಾಡಿದರೂ ತಪ್ಪಿಲ್ಲ, ಮಾತುಕತೆಗಳು ಒಂದು ಕಡೆ ನಡೆಯುತ್ತಿರಲಿ, ರೆಸ್ಯೂಮೆ ಇನ್ನೊಂದು ಕಡೆ ತಯಾರಾಗಲಿ. ಆದರೆ ಹೊರಗಿನ ಆಫರ್ ತೋರಿಸಿ ಈ ಹುದ್ದೆ ಕೇಳುವ ಆಟ ಬೇಡ. ಸಂಬಳ ಸ್ವಲ್ಪ ಏರಿಸಿ ಅದೇ ಪೇಯಬಲ್ ಸೀಟಿನಲ್ಲಿ ಕೂರಿಸುತ್ತಾರೆ, ನಿಮಗೆ ಬೇಕಾಗಿದ್ದು ಅದಲ್ಲವಲ್ಲ.

ಆಫೀಸಿನಲ್ಲಿ ಯಾರಾದರೂ "ಏನಾಯ್ತು ಐಜೆಪಿ?" ಅಂದರೆ, "ಈ ಸಲ ಆಗಲಿಲ್ಲ, ಮತ್ತೆ ಹಾಕುತ್ತೇನೆ" ಅಂತ ಇಷ್ಟೇ ಹೇಳಿ. ಕ್ಯಾಂಟೀನಿನಲ್ಲಿ ಪ್ಯಾನಲ್ ಬಗ್ಗೆ ಆಡಿದ ಮಾತು ಸಂಜೆಯೊಳಗೆ ಪ್ಯಾನಲಿಗೆ ತಲುಪುತ್ತದೆ.

ಕೊನೆಯದಾಗಿ ಒಂದು ಚೆಕ್ ಮಾಡಿ. ಒಮ್ಮೆ ಐಜೆಪಿಯಲ್ಲಿ ಆಗದಿದ್ದರೆ ಮತ್ತೆ ಹಾಕಲು ಇಷ್ಟು ತಿಂಗಳು ಕಾಯಬೇಕು ಅಂತ ಕೆಲವು ಕಂಪನಿಗಳಲ್ಲಿ ನಿಯಮ ಇದೆ, ಅದು ಎಲ್ಲ ಹುದ್ದೆಗೋ ಅದೇ ಟೀಮಿಗೋ ಅನ್ನುವುದೂ ಬೇರೆ ಬೇರೆ. ಎಚ್‌ಆರ್ ಪೋರ್ಟಲಿನಲ್ಲಿ ಪಾಲಿಸಿ ತೆಗೆದು ಓದಿ. ಆ ದಿನಾಂಕ, ನಿಮ್ಮ 5 ವರ್ಷ ಮುಗಿಯುವ ದಿನಾಂಕ, ಮ್ಯಾನೇಜರ್ ಒಪ್ಪಿದ ರಿಲೀಸ್ ತಿಂಗಳು, ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಮ್ಯಾನೇಜರ್ ಜೊತೆ ಮಾತಾಡಿದ ಮೇಲೆ ಅವರು ಏನಂದರು ಅಂತ ನನಗೆ ಮತ್ತೆ ಬರೆಯಿರಿ. ಅವರ ಮಾತು ನೋಡಿದರೆ ಇನ್ನೂ ಖಚಿತವಾಗಿ ಹೇಳಬಹುದು.